ಅಮರಮ್ಮನ ದವಡೆ

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಮೊದಲು ಖಾನಾವಳಿಗೆ ಹೋಗಿ ಮಂದಿ ರೊಟ್ಟಿ ತಿನ್ನುವುದನ್ನು ನೋಡಿ ಬನ್ನಿ ಎಂದು ಹೇಳುತ್ತೇನೆ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವರು ನಗುತ್ತಾರೆ. ನಗಲಿ. ಕಂಪ್ಯೂಟರಿನಲ್ಲಿ ದವಡೆ ಕೂಡಿಸುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಆ ದವಡೆಯಿಂದ ಯಾರು ಏನು ತಿನ್ನುತ್ತಾರೆ, ಯಾರನ್ನು ಬೈಯುತ್ತಾರೆ ಎಂಬುದು ತಿಳಿಯಲು ಬಹಳ ವರ್ಷ ಬೇಕು.

ನಾನು ಡಾಕ್ಟರಲ್ಲ, ಎಂಜಿನಿಯರೂ ಅಲ್ಲ. ಲಿಂಗಸುಗೂರಿನ ಕಿರಾಣಿ ಅಂಗಡಿಯವರ ಮಗಳು. ಸಿಂಧನೂರಿಗೆ ಸೊಸೆಯಾಗಿ ಬಂದ ಮೇಲೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವಳು. ಪ್ಲಾಸ್ಟರ್ ಕಲಸುವುದು, ಮೇಣ ತಿದ್ದುವುದು, ಊರ ಹಿರಿಯರಿಗೆ ನಗು ಹೊಂದಿಸುವುದು ನನ್ನ ಕೆಲಸವಾಗಿತ್ತು. ಮುಂದೆ ದೊಡ್ಡ ಊರಿನ ಕ್ಯಾನ್ಸರ್ ಆಸ್ಪತ್ರೆಯವರು ಸಿಂಧನೂರಿನಲ್ಲಿ ಒಂದು ಕ್ಲಿನಿಕ್ ತೆರೆದರು. ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದ ಸರ್ಜನ್ ಡಾಕ್ಟರ್ ಮಹಾಂತೇಶ ನನ್ನನ್ನು ಲ್ಯಾಬಿನಿಂದ ಎಬ್ಬಿಸಿಕೊಂಡು ಹೋದರು. ಅವರೂ ಲಿಂಗಸುಗೂರಿನ ಕಡೆಯವರೇ, ವಯಸ್ಸಿನಲ್ಲಿ ನನಗಿಂತ ಸಣ್ಣವರು, ಸಿಟ್ಟಿನಲ್ಲಿ ನನಗಿಂತ ಬಹಳ ದೊಡ್ಡವರು. ಖುಷಿಯಲ್ಲಿದ್ದರೆ ನಾನು 'ಗಿರಿಜಕ್ಕ', ತಲೆ ಕೆಟ್ಟರೆ 'ಗಿರಿಜಾ ಮೇಡಂ'. ಫೋನಿನಲ್ಲಿ ಮೊದಲ ಶಬ್ದ ಕೇಳಿದರೆ ಸಾಕು, ಕುರ್ಚಿಯಲ್ಲಿ ಹೇಗೆ ಕೂರಬೇಕೆಂದು ನನಗೆ ಗೊತ್ತಾಗುತ್ತಿತ್ತು.

ನಮ್ಮ ಕಡೆ ಎಲೆ, ತಂಬಾಕು, ಗುಟ್ಕಾ ಬಾಯಿಂದ ಇಳಿಯುವುದಿಲ್ಲ. ಹೀಗಾಗಿ ಬಾಯಿಯ ಕ್ಯಾನ್ಸರ್ ಹೊತ್ತು ಬರುವವರೂ ಕಡಿಮೆಯಾಗಲಿಲ್ಲ. ರೋಗ ದವಡೆಯ ಎಲುಬಿಗೆ ಇಳಿದಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ತೆಗೆದ ಜಾಗಕ್ಕೆ ಏನಿಡುವುದು? ಮೊಣಕಾಲಿನ ಕೆಳಗೆ ನಮಗೆಲ್ಲ ಎರಡು ಎಲುಬುಗಳಿವೆ. ಮೈಭಾರ ಹೊರುವುದು ದಪ್ಪದ್ದು. ಹೊರಗಿನ ಸಣ್ಣ ಎಲುಬಿನ ನಡುವಿನ ತುಂಡನ್ನು ಅದರ ರಕ್ತನಾಳದ ಸಮೇತ ತೆಗೆದು, ಮಣಿಯಬೇಕಾದಲ್ಲಿ ಕತ್ತರಿಸಿ ಜೋಡಿಸಿ, ದವಡೆ ಮಾಡುತ್ತಾರೆ. ಇದನ್ನು ಹೇಳಿದಾಗ ಎಲ್ಲರೂ ಮೊದಲು ಕೇಳುವುದು, "ಕುಂಟ್ತೀನೇನ್ರೀ?" ಸ್ವಲ್ಪ ದಿನ ಕುಂಟುತ್ತಾರೆ, ಆಮೇಲೆ ಬಸ್ಸಿನ ಹಿಂದೆ ಓಡುತ್ತಾರೆ.

ಮೊದಲೆಲ್ಲ ಈ ಅಳತೆಯನ್ನು ಆಪರೇಷನ್ ಕೋಣೆಯಲ್ಲೇ ಕಣ್ಣಂದಾಜಿನಲ್ಲಿ ಮಾಡುತ್ತಿದ್ದರು. ಲೋಹದ ಪಟ್ಟಿಯನ್ನು ಬಗ್ಗಿಸಿ ಹಚ್ಚಿ ನೋಡುವುದು, ಕೂಡದಿದ್ದರೆ ಮತ್ತೆ ಬಗ್ಗಿಸುವುದು. ಹೊತ್ತು ಹೋಗುತ್ತಿತ್ತು. ಒಳ್ಳೆಯ ಕೈಯವರು ಚೆನ್ನಾಗಿಯೇ ಮಾಡುತ್ತಿದ್ದರು, ಆದರೂ ಎಷ್ಟೋ ಮಂದಿಯ ಮೇಲಿನ ಹಲ್ಲು ಒಂದು ದಾರಿ, ಕೆಳಗಿನದು ಇನ್ನೊಂದು ದಾರಿ ಹಿಡಿಯುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಮುಖದ್ದೂ ಕಾಲಿನದೂ ಸ್ಕ್ಯಾನ್ ತೆಗೆದು, ಪರದೆಯ ಮೇಲೆ ಎಲುಬು ಎಬ್ಬಿಸಿ, ಎಲ್ಲಿ ಕತ್ತರಿಸಬೇಕು, ಎಲ್ಲಿ ಕೂಡಿಸಬೇಕು ಎಂದು ಮೊದಲೇ ತೀರ್ಮಾನಿಸಲು ಬಂತು. ಆ ಲೆಕ್ಕದಂತೆ ಒಂದು ಅಚ್ಚನ್ನು ಪ್ರಿಂಟ್ ಮಾಡುತ್ತೇವೆ. ಅದು ಎಲುಬಿನ ಮೇಲೆ ಗಟ್ಟಿಯಾಗಿ ಕೂರುತ್ತದೆ, ಅದರಲ್ಲಿರುವ ಸೀಳಿನಲ್ಲೇ ಗರಗಸ ಹೋಗಬೇಕು. ಟೇಲರ್ ಕಾಗದ ಕತ್ತರಿಸಿ ಬಟ್ಟೆಯ ಮೇಲೆ ಇಡುತ್ತಾನಲ್ಲ, ಹಾಗೆ.

ನಾವು ಮಾಡಿದ ಮೊದಲ ಮಾದರಿ ದವಡೆ ಪ್ರಿಂಟರಿನಿಂದ ಬಂದಾಗ ಎಳೆ ಮಗುವಿನದರಷ್ಟಿತ್ತು. ಎಲ್ಲೋ ಅಳತೆಯ ಒಂದು ಗುಂಡಿ ತಪ್ಪಿ ಒತ್ತಿ ಹೋಗಿತ್ತು. ನಾನು ಒತ್ತಿದೆನೋ ಸರ್ ಒತ್ತಿದರೋ ಇವತ್ತಿಗೂ ತೀರ್ಮಾನವಾಗಿಲ್ಲ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, "ಗಿರಿಜಾ ಮೇಡಂ, ಇದನ್ನ ಯಾರಿಗೆ ಹಚ್ಚೂಣು? ತೊಟ್ಟಿಲದಾಗಿನ ಕೂಸಿಗೇನು?" ಎಂದರು. ಆಮೇಲೆ ಅದು ಬಹಳ ಕಾಲ ಅವರ ಮೇಜಿನ ಮೇಲೆ ಪೆನ್ನು ಆನಿಸುವ ಕೆಲಸಕ್ಕಿತ್ತು.

ನಗಲು ಬಾರದ ತಪ್ಪುಗಳೂ ಇದ್ದವು. ಬಂಗಾಲಿ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನಿಂದ ಒಬ್ಬ ಭತ್ತದ ರೈತರು ಬಂದಿದ್ದರು, ನಮ್ಮ ಕನ್ನಡವನ್ನು ನಮ್ಮಷ್ಟೇ ಚೆನ್ನಾಗಿ ಆಡುವವರು. ಸ್ಕ್ಯಾನ್ ಆಯಿತು, ಪ್ಲ್ಯಾನ್ ಆಯಿತು, ಅಚ್ಚೂ ತಯಾರಾಯಿತು. ಕರೆದ ದಿನ ಮನುಷ್ಯ ಬರಲಿಲ್ಲ. ಭತ್ತ ಕೊಯ್ದು, ಮಿಲ್ಲಿಗೆ ಹಾಕಿ, ನಮಗೆಂದು ಒಂದು ಚೀಲ ಅಕ್ಕಿ ಹೊತ್ತುಕೊಂಡು ನಿಧಾನಕ್ಕೆ ಬಂದರು. "ಪೀಕ ನಿಂತಿತ್ರೀ ಸಾಹೇಬ್ರ, ಬಿಟ್ಟು ಹ್ಯಾಂಗ ಬರ್ಲಿ?" ಎಂದರು. ಅಷ್ಟರಲ್ಲಿ ಗಡ್ಡೆ ನಾವು ಹಾಕಿದ್ದ ಗೆರೆ ದಾಟಿ ಮುಂದೆ ಹೋಗಿತ್ತು. ಹೊಸದಾಗಿ ಸ್ಕ್ಯಾನ್ ಮಾಡಿ, ಗದ್ದದ ತನಕ ಕತ್ತರಿಸಬೇಕಾಯಿತು. ಅವರು ಉಳಿದರು, ಆದರೆ ಉಳಿಯಬಹುದಾಗಿದ್ದ ಗದ್ದ ಉಳಿಯಲಿಲ್ಲ. ಆವತ್ತಿನಿಂದ ನಾನು ಯಾರಿಗೂ ತಾರೀಖು ಕೊಡುವ ಮುಂಚೆ ಗದ್ದೆಯಲ್ಲಿ ಏನಿದೆ, ಮನೆಯಲ್ಲಿ ಮದುವೆ ಇದೆಯಾ ಎಂದು ಕೇಳತೊಡಗಿದೆ. ನೀವೂ ಕೇಳಿ. ಸ್ಕ್ಯಾನಿಗೂ ಆಪರೇಷನ್ನಿಗೂ ನಡುವೆ ಸುಗ್ಗಿ ನುಸುಳಬಾರದು.

ಅಮರಮ್ಮ ಬಂದದ್ದು ನಾನು ನಿವೃತ್ತಿಯಾಗುವ ವರ್ಷ. ಮಸ್ಕಿಯಲ್ಲಿ ಆಕೆಯದೊಂದು ಖಾನಾವಳಿ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಎಡ ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡು, ಉಣ್ಣಲು ಬಂದವರನ್ನೆಲ್ಲ ಒಬ್ಬಳೇ ಮಾತಿನಲ್ಲಿ ಹಿಡಿದಿಡುವ ಹೆಂಗಸು. ಗಂಡ ಪಂಪಾಪತಿಯ ಕೆಲಸ ನೀರು ತುಂಬುವುದು, ಎಲೆ ಹಾಕುವುದು, ಸುಮ್ಮನಿರುವುದು. ಎಡಗಡೆಯ ಹುಣ್ಣು ಮಾಯದೆ, ಖಾರ ತಾಗಿದರೆ ಪ್ರಾಣ ಹೋದಂತಾಗುತ್ತಿದ್ದರೂ ಆಕೆ ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಸಾರಿನ ರುಚಿ ನೋಡಲು ಬಾರದಾದಾಗ.

ಸರ್ ಎಲ್ಲವನ್ನೂ ಬಿಡಿಸಿ ಹೇಳಿದರು. ಆಪರೇಷನ್, ಆಮೇಲೆ ಕರೆಂಟ್ ಕೊಡುವುದು. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಕರೆಂಟಿಗೆ ಮೊದಲು ಹುಳುಕು ಹಲ್ಲು ತೆಗೆಯಬೇಕಾಗುತ್ತದೆ ಎಂದೂ ಹೇಳಿದರು. ಅಮರಮ್ಮ ಎಲ್ಲ ಕೇಳಿಸಿಕೊಂಡಳು.

"ಸಾಯೂ ಅಂಜಿಕಿ ಇಲ್ರೀ ಸಾಹೇಬ್ರ," ಎಂದಳು. "ಬಾಯಿ ಹೋದ್ರ ಹ್ಯಾಂಗ್ರೀ? ನಾ ಮಾತಾಡಿದ್ರ ಮಂದಿ ಬರ್ತಾರ್ರೀ ನಮ್ಮಲ್ಲಿ. ಇವರು ನೋಡ್ರಿ, ಉಪ್ಪು ಬೇಕಂದ್ರೂ ಕೈ ಮಾಡಿ ತೋರಸ್ತಾರ."

ಪಂಪಾಪತಿ ಗೋಡೆ ನೋಡುತ್ತ ಹೇಳಿದ, "ಮನೀಗೆ ಬಾಯಿ ಅಂದ್ರ ಅಕಿನ ರೀ."

ಅದು ಆವತ್ತು ಆತ ಆಡಿದ ಒಂದೇ ಮಾತು. ಪ್ರಾಣ ಉಳಿಸುವುದು ಸರ್ ಕೈಯಲ್ಲಿತ್ತು. ಅಮರಮ್ಮನ ಮಾತು ಉಳಿಯುವುದರಲ್ಲಿ ನನ್ನ ಅಚ್ಚಿಗೂ ಪಾಲಿತ್ತು. ಹೊಸ ಎಲುಬು ಮುಂದೆ ಚಾಚಿದರೆ ತುಟಿಗಳು ಕೂಡುವುದಿಲ್ಲ. ಹಿಂದೆ ಸರಿದರೆ ನಾಲಿಗೆಗೆ ಜಾಗವಿಲ್ಲ.

ಸ್ಕ್ಯಾನ್ ಬಂದ ಮೇಲೆ ಪರದೆಯ ಮೇಲೆ ಆಕೆಯ ದವಡೆಯನ್ನು ಎಬ್ಬಿಸಿ ಇಬ್ಬರನ್ನೂ ಕರೆದು ತೋರಿಸಿದೆ. ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. "ಇದು ನಂದೇನ್ರೀ ಅಕ್ಕಾರ? ಇಷ್ಟ ಸಣ್ಣದೈತಲ್ರೀ. ಇಷ್ಟ ಇಟಗೊಂಡು ನಾ ಅಷ್ಟು ಮಾತಾಡ್ತೀನೇನ್ರೀ?"

ಪಂಪಾಪತಿಯ ಮೀಸೆ ಅಲುಗಿತು. ನಕ್ಕನೆಂದೇ ನನ್ನ ನಂಬಿಕೆ.

ಅಚ್ಚು ಒಳ್ಳೆಯದಾಯಿತು. ಗದ್ದದ ಹತ್ತಿರದ ಕತ್ತರಿಕೆ ಒಂದು ಕೂದಲೂ ಸರಿಯಬಾರದೆಂದು ಅದಕ್ಕೊಂದು ರೆಕ್ಕೆ ಬಿಟ್ಟು, ಬಲಗಡೆಯ ಹಲ್ಲುಗಳ ಮೇಲೆ ಕಚ್ಚಿ ಕೂರುವಂತೆ ಮಾಡಿದ್ದೆ. ಅವುಗಳಲ್ಲಿ ಎರಡು ಹುಳುಕಾಗಿದ್ದವು. ಆದರೆ ಬೇರು ಗಟ್ಟಿ, ಅಚ್ಚಿಗೆ ಅಷ್ಟು ಸಾಕಿತ್ತು. ಆ ಎರಡನ್ನು ಆಪರೇಷನ್ನಿನ ಕೊನೆಗೆ ಅಲ್ಲೇ ತೆಗೆಯುವುದೆಂದು ನಾವು ಮಾತಾಡಿಕೊಂಡಿದ್ದೆವು. ಈ ಬಾರಿ ಸರ್ ನನ್ನನ್ನು ಗಿರಿಜಕ್ಕ ಎಂದೇ ಕರೆದು, "ಮಸ್ತ್ ಆಗೈತಿ" ಎಂದರು. ಖಾನಾವಳಿಯವರಿಗೆ ಸುಗ್ಗಿ ಇಲ್ಲ, ಮದುವೆ ಇಲ್ಲ, ಕೇಳಿ ತಿಳಿದುಕೊಂಡಿದ್ದೆ. ನಾನು ನೆಮ್ಮದಿಯಾಗಿದ್ದೆ.

ಆಪರೇಷನ್ನಿಗೆಂದು ದೊಡ್ಡ ಊರಿಗೆ ಹೊರಡುವ ದಿನ ಗಂಡ ಹೆಂಡತಿ ಮಸ್ಕಿಯಿಂದ ಸಿಂಧನೂರಿಗೆ ಬಂದು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಕ್ಲಿನಿಕ್ಕಿಗೆ ಬಂದರು. ಅಮರಮ್ಮ ತಲೆಗೆ ಎರೆದುಕೊಂಡು, ಹೊಸ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದಳು. ನಮಗೆಲ್ಲ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ತಂದಿದ್ದಳು. ನಾನು ತಿನ್ನುತ್ತ, "ನೀನೂ ಒಂಚೂರು ಮೆತ್ತಂದು ತಿನ್ನಬೇಕಿಲ್ಲ?" ಎಂದೆ.

"ಬ್ಯಾಡ್ರೀ. ನಿನ್ನೆ ಹಲ್ಲು ಕೀಳಿಸಿದ್ನಲ್ರೀ, ನೋವೈತಿ."

ನಾನು ರೊಟ್ಟಿ ಕೆಳಗಿಟ್ಟೆ. "ಯಾವ ಹಲ್ಲು?"

ಆಕೆ ಹೆಮ್ಮೆಯಿಂದ ಬಾಯಿ ತೆರೆದು ತೋರಿಸಿದಳು. ಬಲಗಡೆ, ನನ್ನ ಅಚ್ಚಿನ ರೆಕ್ಕೆ ಕೂರಬೇಕಾದ ಜಾಗದಲ್ಲಿ ಎರಡು ಹಲ್ಲು ಮಾಯ.

"ಹ್ಯಾಂಗೂ ತೆಗೀಬೇಕಂದಿದ್ರಲ್ರೀ ಸಾಹೇಬ್ರು. ಅಷ್ಟು ದೊಡ್ಡ ಮಂದಿ ಮುಂದ ಹೊಲಸು ಹಲ್ಲು ಇಟಗೊಂಡು ಹ್ಯಾಂಗ ಬಾಯಿ ತೆಗೀಲಿ? ಮಸ್ಕಿಯಾಗ ಡಾಕ್ಟರ ಅದಾರ, ಅವರ ಕಡೆ ತೆಗಿಸಿ ಸ್ವಚ್ಛ ಮಾಡಿಕೊಂಡು ಬಂದೀನಿ."

ಬೀಗರು ಬರುತ್ತಾರೆಂದರೆ ಅಂಗಳ ಸಾರಿಸುವವರು ನಾವು. ಆಕೆ ಬಾಯಿಯನ್ನೂ ಸಾರಿಸಿಕೊಂಡು ಬಂದಿದ್ದಳು. ಹಲ್ಲು ತೆಗೆಯಬೇಕೆಂದು ಹೇಳಿದ್ದೆವು, ಯಾವಾಗ ಎಂದು ಹೇಳಿರಲಿಲ್ಲ. ಆಕೆಗೆ ಏನೆಂದು ಬೈಯುವುದು?

ಸರ್‌ಗೆ ಫೋನ್ ಮಾಡಿದೆ. "ಗಿರಿಜಾ ಮೇಡಂ," ಎಂದರು, "ಈಗ ಮುಂದೂಡಿ ಮನೀಗೆ ಕಳಸಿದ್ರ ಇವರು ತಿರುಗಿ ಬರ್ತಾರೇನು?"

ನಾನು ಪಂಪಾಪತಿಯ ಮುಖ ನೋಡಿದೆ. ಧೈರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು ಒಮ್ಮೆ ಹೊರಟು ಬಂದಿದ್ದವರು. ಇನ್ನೊಮ್ಮೆ ಅಷ್ಟು ಧೈರ್ಯ ಎಲ್ಲಿಂದ ತರುತ್ತಾರೆ? "ಇಲ್ಲ ಸರ್, ಬರೋದಿಲ್ಲ," ಎಂದೆ. "ಇವರು ಬಸ್ ಹತ್ತಲಿ. ನಾನು ಸಂಜೆಯೊಳಗೆ ರೆಕ್ಕೆ ಬದಲಿಸಿ ಕಳಿಸುತ್ತೇನೆ."

ಬೀರುವಿನಿಂದ ಹಲ್ಲಿನ ಅಳತೆ ತೆಗೆಯುವ ತಟ್ಟೆ ಹೊರಗೆ ಬಂತು. ಹುಣ್ಣಿಗೆ ತಾಗದಂತೆ, ಕಿತ್ತ ಜಾಗ ನೋಯದಂತೆ ಅಳತೆ ತೆಗೆದೆ. ಅಮರಮ್ಮನ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ನನ್ನ ಸೆರಗನ್ನೇ ಹಿಡಿದಿತ್ತು. ಅವರನ್ನು ಬಸ್ಸಿಗೆ ಕಳಿಸಿ, ಪ್ಲಾಸ್ಟರ್ ಹೊಯ್ದು, ಅದು ಆರಿದ ಮೇಲೆ ಅದನ್ನು ಸ್ಕ್ಯಾನ್ ಮಾಡಿ, ಹಳೆಯ ಪ್ಲ್ಯಾನಿನ ಮೇಲೆ ಕೂಡಿಸಿದೆ. ಸರ್ ವಿಡಿಯೋದಲ್ಲಿ ಕೂತರು. ಕತ್ತರಿಸುವ ಗೆರೆಗಳನ್ನು ಮುಟ್ಟಲಿಲ್ಲ. ರೆಕ್ಕೆಯನ್ನು ಮುಂದಿನ ಗಟ್ಟಿ ಹಲ್ಲುಗಳ ಮೇಲೆ ಸರಿಸಿ, ಎಲುಬಿನ ಕೆಳ ಅಂಚಿಗೆ ಒಂದು ಕೊಕ್ಕೆ ಕೊಟ್ಟೆವು. "ಇನ್ನೊಂಚೂರು ಕೆಳಗ... ಹಾಂ... ಸಾಕು." ಪೂರ್ತಿ ಜಗಳಾಡುತ್ತಲೇ ಮಾಡಿದೆವು. ಅಚ್ಚು ದೊಡ್ಡ ಊರಿನಲ್ಲಿ ಪ್ರಿಂಟ್ ಆಯಿತು.

ಆಪರೇಷನ್ ದಿನ ನಾನು ಕ್ಲಿನಿಕ್ಕಿನಲ್ಲಿ ಫೋನನ್ನು ಕಣ್ಣಿನ ಮುಂದೆಯೇ ಇಟ್ಟುಕೊಂಡಿದ್ದೆ. ಒಳಗಿನಿಂದ ಯಾರೋ ನರ್ಸಮ್ಮ ಕರೆ ಮಾಡಿ, "ಸರ್ ಹೇಳಿಕಳಿಸಿದ್ದಾರೆ, ಗಿರಿಜಕ್ಕನಿಗೆ ಅಚ್ಚು ಕೂತಿದೆ ಎಂದು ಹೇಳಿ ಅಂತ," ಎಂದಳು. ಅಕ್ಕ ಎಂಬ ಶಬ್ದ ಕೇಳಿದ ಮೇಲೆಯೇ ನಾನು ಉಸಿರು ಬಿಟ್ಟಿದ್ದು. ರೋಗ ಪೂರ್ತಿ ಹೊರಗೆ ಬಂತು, ಎಲುಬು ಕೂತಿತು, ಅದರೊಳಗೆ ರಕ್ತ ಹರಿಯಿತು.

ಆಮೇಲಿನ ದಿನಗಳು ಅವರಿಗೆ ಸುಲಭವಿರಲಿಲ್ಲ. ಕತ್ತಿನಲ್ಲಿ ಉಸಿರಿನ ನಳಿಕೆ ಇರುವವರೆಗೆ ಅಮರಮ್ಮನಿಗೆ ಮಾತಿಲ್ಲ. ಮೊದಲ ಬಾರಿಗೆ ಪಂಪಾಪತಿ ಮಾತಾಡಬೇಕಾಯಿತು. ಹಾಲು ಎಷ್ಟು ಕೊಡಬೇಕು, ನೋವು ಎಲ್ಲಿದೆ, ಕಾಲು ಯಾವಾಗ ಊರಬೇಕು ಎಂದು ಡಾಕ್ಟರರ ಹಿಂದೆ ಹಿಂದೆ ತಿರುಗಿ ತೊದಲುತ್ತ ಕೇಳುತ್ತಿದ್ದ. ಆತ ಕೇಳಿದ್ದು ಸರಿಯಿಲ್ಲದಿದ್ದರೆ ಆಕೆ ಹಾಸಿಗೆಯಿಂದಲೇ ಕೈಯಾಡಿಸಿ ತಿದ್ದುತ್ತಿದ್ದಳಂತೆ. ಕರೆಂಟ್ ಮುಗಿಸಿಕೊಂಡು ಬಂದಾಗ ಆಕೆ ಅರ್ಧ ಆಗಿದ್ದಳು. ಎಡ ತುಟಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಮಾತು ಬಾಯೊಳಗೇ ಸುತ್ತುತ್ತಿತ್ತು, ಆದರೆ ಅದು ಅವಳದೇ ಮಾತು.

ಮಾತಿನ ತರಬೇತಿಗೆ ನಮ್ಮಲ್ಲಿ ಕಾವ್ಯಾ ಎಂಬ ಹುಡುಗಿ ಬಂದಿದ್ದಳು, ಕರಾವಳಿಯವಳು, ಬಹಳ ಮೃದು. ಆಕೆ ಅಮರಮ್ಮನನ್ನು ನೋಡಿ ಸರ್‌ಗೆ ವರದಿ ಕಳಿಸಿದಳು: ತುಟಿ ಕೂಡಿಸಿ ಆಡುವ ಪ, ಬ, ಮ ಶಬ್ದ ಬರುತ್ತಿಲ್ಲ, ಕೇಳಿದರೆ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸುತ್ತಾರೆ, ಅಳುತ್ತಾರೇನೋ ಎನಿಸಿ ಹೆಚ್ಚು ಒತ್ತಾಯಿಸಲಿಲ್ಲ.

ಫೋನ್ ಬಂತು. "ಗಿರಿಜಾ ಮೇಡಂ, ಎಲುಬು ಮುಂದ ಚಾಚೈತೇನು? ತುಟಿ ಕೂಡವಲ್ವು ಅಂದ್ರ ತಿರುಗಿ ತೆರೆದು ನೋಡಬೇಕಾಗ್ತೈತಿ."

ಆ ಹೆಂಗಸನ್ನು ತಿರುಗಿ ಮೇಜಿನ ಮೇಲೆ ಮಲಗಿಸುವುದೆಂದರೆ! ಹೊಸ ಸ್ಕ್ಯಾನ್ ತರಿಸಿ, ಹಳೆಯ ಪ್ಲ್ಯಾನಿನ ಮೇಲೆ ಇಟ್ಟು, ತಿರುಗಿಸಿ ಮುರುಗಿಸಿ ನೋಡಿದೆ. ಹೊಂದಿಕೊಂಡೇ ಇತ್ತು. ಆದರೂ ನನಗೆ ಅನ್ನ ಇಳಿಯಲಿಲ್ಲ. ಕಂಪ್ಯೂಟರ್ ಸರಿ ಎನ್ನುತ್ತದೆ, ಹೆಂಗಸು ಬಾಯಿ ಬಿಡುವುದಿಲ್ಲ. ಇಬ್ಬರಲ್ಲಿ ಯಾರನ್ನು ನಂಬುವುದೆಂದರೆ ನಾನು ಹೆಂಗಸನ್ನೇ ನಂಬುವವಳು.

ಸರ್ ಬರುವ ದಿನ ಅವರನ್ನು ಕರೆಸಿದೆವು. ಸಣ್ಣ ಕೋಣೆಯಲ್ಲಿ ಅಮರಮ್ಮ ಕುರ್ಚಿಯಲ್ಲಿ, ಪಂಪಾಪತಿ ಬಾಗಿಲ ಬಳಿ, ಸರ್, ನಾನು, ಕಾವ್ಯಾ. "ಮೊನ್ನೆ ಕೇಳಿದ್ದನ್ನೇ ಕೇಳಮ್ಮ," ಎಂದರು ಸರ್.

ಕಾವ್ಯಾ ಮುಂದೆ ಬಾಗಿ ಮೆಲ್ಲಗೆ ಕೇಳಿದಳು, "ಅಮ್ಮಾ, ನಿಮ್ಮ ಯಜಮಾನರ ಹೆಸರು ಹೇಳಿ."

ಅಮರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು.

"ನೋಡಿ ಸರ್, ಹೀಗೇ. ಅವರ ಹೆಸರಲ್ಲಿ ತುಟಿ ಶಬ್ದಗಳು ಒಟ್ಟಿಗೆ ಬರುತ್ತವೆ, ಅದಕ್ಕೇ ಅದನ್ನು ಆರಿಸಿದ್ದು," ಎಂದಳು ಕಾವ್ಯಾ.

ಬಾಗಿಲ ಬಳಿಯಿಂದ ಪಂಪಾಪತಿ ಗಂಟಲು ಸರಿಮಾಡಿಕೊಂಡ. "ಅಕಿಗೆ ಬರ್ತೈತ್ರೀ. ಅಕಿ ನನ್ನ ಹೆಸರು ಹೇಳಂಗಿಲ್ರೀ. ಲಗ್ನದಾಗ ಒಡಪು ಹಾಕಿ ಹೇಳಿದ್ದು ಬಿಟ್ರ ಇವತ್ತಿನ ತನಕ ಹೇಳಿಲ್ಲ."

ಸರ್ ನನ್ನನ್ನು ನೋಡಿದರು, ನಾನು ಸರ್ ಮುಖ ನೋಡಿದೆ. ಒಡಪೆಂದರೆ ಗಂಡನ ಹೆಸರನ್ನು ಪ್ರಾಸದ ಸಾಲುಗಳಲ್ಲಿ ಸೇರಿಸಿ ಹೇಳುವುದು, ಬರಿದೆ ಹೆಸರು ಹಿಡಿಯುವುದು ನಮ್ಮ ಕಡೆ ಹೆಂಡತಿಯರಿಗಿಲ್ಲ. ಇದು ಹೊಳೆಯದೆ ಹೋದ ಲಿಂಗಸುಗೂರಿನ ಇಬ್ಬರು! ನಾನಂತೂ ಇಷ್ಟು ವರ್ಷ ನನ್ನ ಯಜಮಾನರನ್ನು 'ಇವರು' ಎಂದೇ ಕರೆದವಳು. ಯಾವ ಮಾತು ಹೇಳಿಸಿದೆ ಎಂದು ಆ ಹುಡುಗಿಯನ್ನು ಒಂದು ಮಾತು ಕೇಳದೆ, ಪರದೆಯ ಮೇಲೆ ಎಲುಬು ತಿರುಗಿಸುತ್ತ ಕೂತಿದ್ದೆ. ಕಾವ್ಯಾಳ ಮುಖ ಕೆಂಪಾಯಿತು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ, ಅಪ್ಪ ಅನ್ರೀ ಸಾಕು! ರೊಟ್ಟಿ ಪಲ್ಯ ಅನ್ರೀ!"

ಅಮರಮ್ಮ ಸೆರಗು ಸರಿಸಿ, "ಅಪ್ಪ. ಪಲ್ಯ. ಪುಂಡಿಪಲ್ಯ," ಎಂದಳು. ಎಡಗಡೆ ಸ್ವಲ್ಪ ಗಾಳಿ ಸೋರಿತು, ಆದರೆ ತುಟಿಗಳು ಕೂಡಿ ಬಿಟ್ಟವು. ನನಗೆ ಅಳು ಬಂತು, ತಡೆಯಲಿಲ್ಲ.

ಅಷ್ಟಕ್ಕೆ ಮುಗಿಯಿತೆಂದು ಎಲ್ಲರೂ ಎದ್ದೆವು. ಅಮರಮ್ಮ ಏಳಲಿಲ್ಲ. ಬಾಗಿಲ ಬಳಿ ನಿಂತ ಗಂಡನನ್ನು ನೋಡಿದಳು. ಆಕೆಗೆ ಬಾಯಿಲ್ಲದ ಆ ದಿನಗಳಲ್ಲಿ ಬಾರದ ಮಾತನ್ನೆಲ್ಲ ಆಡಿದ್ದ ಮನುಷ್ಯ. ತಲೆಯ ಮೇಲೆ ಸೆರಗು ಎಳೆದುಕೊಂಡು, ಮದುಮಗಳಂತೆ ನೆಲ ನೋಡುತ್ತ, ನಿಧಾನಕ್ಕೆ, ಒಂದೊಂದೇ ಶಬ್ದ ತುಟಿಗೆ ತಂದು ಹೇಳಿದಳು:

"ಕಾಲಾಗಿನ ಎಲುಬು ದವಡಿಗೆ ಏರೈತಿ,
ಹೋದ ಬಾಯಿ ಮನೀಗೆ ತಿರುಗೈತಿ,
ಪಂಪಾಪತಿಯವರ ಹೆಸರು ಹೇಳಾಕ ಧೈರ್ಯ ಬಂದೈತಿ."

ಪಂಪಾಪತಿ ನಮಗೆ ಬೆನ್ನು ಮಾಡಿ ನಿಂತ. ಆತನ ಹೆಗಲು ಅಲುಗುತ್ತಿತ್ತು. ಕಾವ್ಯಾ ಕಣ್ಣೊರೆಸಿಕೊಂಡು, "ಅಮ್ಮಾ, ಇನ್ನೊಂದು ಸಲ ಹೇಳಿ," ಎಂದಳು.

"ಒಮ್ಮೆ ಸಾಕ್ರೀ," ಎಂದಳು ಅಮರಮ್ಮ. "ದಿನಾ ಹೇಳಿದ್ರ ತಲಿ ಮ್ಯಾಲೆ ಏರಿ ಕುಂದರ್ತಾರ."

ಅದರ ಒಂದೊಂದು ಅಕ್ಷರವೂ ನನಗೆ ಸ್ಪಷ್ಟವಾಗಿ ಕೇಳಿಸಿತು.